ಅಳಿವೆ ಕಡಿಯುವ ಮುನ್ನ

ನಮ್ಮ ಹಿತ್ತಲಿನ ಕೊನೆಯ ತೆಂಗಿನ ಮರದ ಪಕ್ಕದಲ್ಲಿ ಯಾರೋ ಕೆಂಪು ಬಟ್ಟೆ ಕಟ್ಟಿದ ಕೋಲು ಹುಗಿದು ಹೋಗಿದ್ದರು. ಬೆಳಿಗ್ಗೆ ಕಸ ಎಸೆಯಲು ಹೋದಾಗ ಕಣ್ಣಿಗೆ ಬಿತ್ತು. ಕೇಬಲ್‌ನವರದ್ದಿರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಕೋಲಿನಿಂದ ಹಿಡಿದು ಸಮುದ್ರದವರೆಗೂ ಮರಳಿನ ಮೇಲೆ ಸುಣ್ಣದ ಗೆರೆ. ಕೇಬಲ್‌ನವರು ಸಮುದ್ರದವರೆಗೆ ಗೆರೆ ಎಳೆಯುವುದಿಲ್ಲ.

ನಮ್ಮ ಮನೆ ಇರುವುದು ಕಾಯ್ಕಿಣಿಗೂ ಶಿರಾಲಿಗೂ ನಡುವೆ, ಮರಳಿನ ಒಂದು ಉದ್ದ ಪಟ್ಟಿಯ ಮೇಲೆ. ಮುಂಬಾಗಿಲು ತೆಗೆದರೆ ಸಮುದ್ರ, ಹಿಂಬಾಗಿಲು ತೆಗೆದರೆ ಹೊಳೆ. ಘಟ್ಟದಿಂದ ಇಳಿದು ಬಂದ ಹೊಳೆ ಇನ್ನೇನು ಸಮುದ್ರ ಸೇರಬೇಕು ಅನ್ನುವಾಗ ಮನಸ್ಸು ಬದಲಿಸಿ ಉತ್ತರಕ್ಕೆ ತಿರುಗುತ್ತದೆ. ನಮ್ಮ ಕೇರಿಯ ಬೆನ್ನಿಗೇ ಹರಿದು, ಪಟ್ಟಿಯ ತುದಿಯಲ್ಲಿ ಸಮುದ್ರಕ್ಕೆ ಬೀಳುತ್ತದೆ. ಅದು ಬೀಳುವ ಬಾಯಿಗೆ ನಾವು ಅಳಿವೆ ಅನ್ನುತ್ತೇವೆ. ಬೇಸಿಗೆಯಲ್ಲಿ ಹೊಳೆಗೆ ಶಕ್ತಿ ಸಾಲದು, ಅಲೆಗಳು ಮರಳು ತಂದು ಸುರಿದು ಅಳಿವೆಯನ್ನು ಮುಚ್ಚಿಬಿಡುತ್ತವೆ. ಮೊದಲ ಮಳೆಗೆ ಇಳಿದು ಬಂದ ನೀರು ಹೋಗಲು ದಾರಿಯಿಲ್ಲದೆ ಹಿಂದಕ್ಕೆ ಏರುತ್ತದೆ. ಆಗ ಮರಳು ಕಡಿದು ದಾರಿ ಮಾಡಬೇಕು. ಇಲ್ಲವಾದರೆ ಮೇಲಿನವರ ಗದ್ದೆ ಮುಳುಗುತ್ತದೆ, ನಮ್ಮ ಹಿತ್ತಲೂ ಮುಳುಗುತ್ತದೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವಳು. ಪಶ್ಚಿಮಕ್ಕೆ ಹರಿಯುವ ನದಿಗಳು ಎಂದು ಪಾಠವಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ. ನಮ್ಮ ಹೊಳೆಗೆ ಅಲ್ಲಿ ಹೆಸರಿಲ್ಲ, 'ಮೊದಲಾದವು' ಅನ್ನುವ ಮಾತಿನೊಳಗೆ ಎಲ್ಲೋ ಮುದುಡಿ ಕೂತಿದೆ. ಜಲಾನಯನ ಪ್ರದೇಶ ಅಂದರೇನು ಎಂದು ಹೇಳುವಾಗ ನಾನು ಬೋರ್ಡಿನ ಮೇಲೆ ಒಂದು ಎಲೆಯ ಚಿತ್ರ ಬರೆಯುತ್ತೇನೆ. ಎಲೆಯ ನರಗಳೆಲ್ಲ ತೊಟ್ಟಿಗೆ ಬಂದು ಸೇರುತ್ತವಲ್ಲ, ಹಾಗೆ. ಆ ತೊಟ್ಟಿನಲ್ಲೇ ನಮ್ಮ ಮನೆ ಇದೆ ಎಂದು ಮಾತ್ರ ಹೇಳುವುದಿಲ್ಲ.

ಅಳಿವೆ ಕಡಿಯಲು ಒಂದು ಪದ್ಧತಿಯಿದೆ. ಮೇಲಿನ ಊರಾದ ಹೊಸಗದ್ದೆಯ ಹೆಗಡೇರು ಒಂದು ಬಾಳೆಗೊನೆ, ಜೊತೆಗೆ ತೆಂಗಿನಕಾಯಿ ಹಿಡಿದು ಇಳಿದು ಬರಬೇಕು. ಅದನ್ನು ನಮ್ಮ ಜಗುಲಿಯ ಮೇಲಿಟ್ಟು 'ನೀರಿಗೆ ದಾರಿ ಬಿಡಿಸಿಕೊಡಿ' ಎಂದು ಕೇಳಬೇಕು. ಕೇಳಿದ ಮೇಲೆ ನಮ್ಮ ಮನೆಯ ಯಜಮಾನ ಪಟ್ಟಿಯ ಉತ್ತರ ತುದಿಗೆ ನಡೆದು ಹೋಗಿ ಹಿಮ್ಮಡಿಯಿಂದ ಮರಳಿನಲ್ಲಿ ಗೆರೆ ಎಳೆಯುತ್ತಾನೆ. ಉಳಿದವರು ಅದರ ಮೇಲೆ ಗುದ್ದಲಿ ಹಾಕುತ್ತಾರೆ. ಅಲ್ಲಿ ಮರಳಿನಡಿ ಬಂಡೆಗಳಿವೆ. ಎರಡು ಬಂಡೆಗಳ ನಡುವೆ ಒಂದೇ ಒಂದು ಸಂದಿ. ಅಲ್ಲಿ ಕಡಿದರೆ ಹೊಳೆ ಬಂಡೆಗಳ ನಡುವೆಯೇ ತೆಪ್ಪಗೆ ಹೋಗುತ್ತದೆ. ಬೇರೆ ಎಲ್ಲಿ ಕಡಿದರೂ ಮಳೆಗಾಲ ಮುಗಿಯುವುದರೊಳಗೆ ಆಚೀಚೆಯ ದಡವನ್ನೆಲ್ಲ ತಿಂದು ಹಾಕುತ್ತದೆ. ಪಟ್ಟಿ ಅತಿ ಸಣ್ಣದಾಗಿರುವುದು ನಮ್ಮ ಮನೆಯ ಪಕ್ಕದಲ್ಲಿ. ಕೋಲು ಹುಗಿದದ್ದೂ ಅಲ್ಲಿಯೇ.

ಬಂಡೆಯ ಸಂದಿ ನನ್ನ ಮಾವನಿಗೆ ಗೊತ್ತಿತ್ತು. ದಾಸ ಎಂದು ಅವರ ಹೆಸರು. ಕಳೆದ ವರ್ಷ ಚೌತಿ ಮುಗಿದ ವಾರದಲ್ಲಿ ಎದೆನೋವು ಬಂದು ತೀರಿಕೊಂಡರು. ನನ್ನ ಗಂಡ ರಾಜೀವನಿಗೂ ಗೊತ್ತು, ಆದರೆ ಅವನು ಮಲ್ಪೆಯ ಬೋಟಿನಲ್ಲಿ ಆಳಸಮುದ್ರಕ್ಕೆ ಹೋಗಿದ್ದ. ಅಲ್ಲಿಗೆ ಫೋನು ಸಿಗುವುದಿಲ್ಲ. ಇನ್ನು ಉಳಿದವರು ಅತ್ತೆ ಮಾಸ್ತಮ್ಮ ಒಬ್ಬರೇ.

ಪಂಚಾಯ್ತಿ ಮೆಂಬರ್ ಭಾಸ್ಕರಣ್ಣನಿಗೆ ಫೋನ್ ಮಾಡಿದೆ. "ಎಂತದು ಭಾಸ್ಕರಣ್ಣ ಇದು ಕೋಲು?"

"ನಾಳೆ ಜೆಸಿಬಿ ಬತ್ತದೆ ಟೀಚರ್ರೇ. ಈ ವರ್ಷ ಮಳೆ ಬೇಗ ಬಂತಲ್ಲ, ಮೇಲ್ನವ್ರ ಸಸಿಮಡಿ ಎಲ್ಲಾ ನೀರಡಿ ಹೋಗದೆ. ಹೊಸಗದ್ದೆ ಹೆಗಡೇರೇ ಫೋನ್ ಮಾಡಿ, ಜೆಸಿಬಿ ತರ್ಸಿ ಕಡ್ಸಿಬಿಡಿ ಅಂದ್ರು."

"ಹಳೇ ಅಳಿವೆ ಬಿಟ್ಟು ನಮ್ಮನಿ ಬುಡಕ್ಕೆ ಕಡ್ಯೂದಾ?"

"ಅಲ್ಲಿ ಬಂಡೆ ಎಲ್ಲದೆ ಅಂತ ಯಾರಿಗೆ ಗೊತ್ತು? ಬಕೆಟ್ಟಿನ ಹಲ್ಲು ಮುರಿದ್ರೆ ಜೆಸಿಬಿಯವ ನನ್ನ ಹಲ್ಲು ಮುರೀತಾನೆ. ಮಾಸ್ತಮ್ಮ ಬಂದು ಜಾಗ ತೋರ್ಸ್ಲಿ, ಈಗ್ಲೂ ಅಲ್ಲೇ ಕಡ್ಸುವ."

ಅತ್ತೆ ಜಗುಲಿಯಲ್ಲಿ ಮೊರ ಇಟ್ಟುಕೊಂಡು ಒಣ ಶೆಟ್ಲಿ, ಅಂದರೆ ಸಿಗಡಿಯ ತಲೆ ಮುರಿಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು, ಕೈ ನಿಲ್ಲಿಸಲಿಲ್ಲ.

"ಹೆಗಡೇರು ಕೇಳೂಕೆ ಬಂದ್ರಾ?"

"ಇಲ್ಲ."

"ಬರ್ಲಿ. ಬಂದ್ರೆ ತೋರಸ್ತೆ."

"ಅವ್ರು ಬರೂದ್ರೊಳಗೆ ಮನಿ ಹೋಗ್ತದೆ ಅತ್ತೆ."

"ಹೋಗ್ಲಿ." ಒಂದು ಶೆಟ್ಲಿಯ ತಲೆ ನನ್ನ ಕಾಲ ಬುಡಕ್ಕೆ ಹಾರಿ ಬಿತ್ತು. "ಇಷ್ಟು ವರ್ಷ ಅವ್ರ ಗದ್ದೆ ಉಳಿಸ್ದವ ಸತ್ತ. ಒಂದು ಜನ ಬಂದು, ಎಂತಾ ಆತು ಮಾಸ್ತಮ್ಮಾ ಅಂತ ಕೇಳ್ತಾ? ಈಗ ಬಾಳೆಗೊನಿಗೂ ಬರಗಾಲ ಬಂತು, ಮಷಿನ್ ಕಳಸ್ತ್ರು. ಕೇಳದಿದ್ದವ್ರ ಮುಂದೆ ಹೋಗಿ ಗೆರೆ ಎಳೂಕೆ ನನ್ಗೆಂತ ಮರ್ಲಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅತ್ತೆಯ ಹಟದ ಮುಂದೆ ನನ್ನ ಸಿಟ್ಟು ಯಾವ ಮೂಲೆಗೂ ಸಾಲದು. ಹಿಂಬಾಗಿಲಿಗೆ ಹೋಗಿ ನೋಡಿದೆ. ಬಟ್ಟೆ ಒಗೆಯುವ ಕಲ್ಲು ಬೆಳಿಗ್ಗೆ ಅರ್ಧ ಕಾಣುತ್ತಿತ್ತು, ಈಗ ಅಂಚು ಮಾತ್ರ. ಮುಂಬಾಗಿಲಿಗೆ ಬಂದೆ. ಸುಣ್ಣದ ಗೆರೆ ಹಾಗೆಯೇ ಇತ್ತು. ಮತ್ತೆ ಹಿಂದೆ ಹೋದೆ. ಅನ್ನಕ್ಕಿಟ್ಟು ಮರೆತೆ, ಸೀದ ವಾಸನೆ ಬಂದ ಮೇಲೆ ಓಡಿದೆ. ಒಂದು ಕಡೆ ಕೂರಲು ಆಗಲಿಲ್ಲ. ಈ ಮನೆಯ ಸಾಲ ತೀರಿಸಿಕೊಂಡು ಗೋಡೆಗೆ ಬಣ್ಣ ಹೊಡೆಸಿ ಎರಡು ವರ್ಷವಾಗಿಲ್ಲ. ಅತ್ತೆಯೂ ಹೆಗಡೇರೂ ಮಾತು ಬಿಟ್ಟ ಕಾರಣಕ್ಕೆ ಇದು ಸಮುದ್ರಕ್ಕೆ ಹೋಗಬೇಕೆ? ಸ್ಕೂಟರಿನ ಕೀಲಿ ತೆಗೆದುಕೊಂಡೆ.

"ಎಲ್ಲಿಗೆ?" ಅಂದರು ಅತ್ತೆ.

"ಶಾಲೆಗೆ" ಅಂದೆ. ರಜೆ ಇನ್ನೂ ಮುಗಿದಿರಲಿಲ್ಲ. ಅವರಿಗೂ ಅದು ಗೊತ್ತಿತ್ತು.

ಶಿರಾಲಿಯಲ್ಲಿ ಹೆದ್ದಾರಿ ದಾಟಿ ಘಟ್ಟದ ಕಡೆಗೆ ಹೊರಟೆ. ಮಳೆ ಜಿರಿಜಿರಿ ಹಿಡಿದೇ ಇತ್ತು. ದಾರಿಯುದ್ದಕ್ಕೂ ನೀರು ನನ್ನ ಎದುರಿನಿಂದ ಬರುತ್ತಿತ್ತು. ಹೆದ್ದಾರಿಯ ಚರಂಡಿ, ಹೋಟೆಲಿನ ಹಿಂದಿನ ಕೊಚ್ಚೆ, ಗದ್ದೆಯ ತೂಬು, ಗುಡ್ಡದಿಂದ ಇಳಿಯುವ ಕೆಂಪು ಹಳ್ಳ, ಯಾರದೋ ಕೊಟ್ಟಿಗೆ ತೊಳೆದ ನೀರು. ಒಂದೊಂದನ್ನೂ ನೋಡುವಾಗ 'ನೀನೂ ನಮ್ಮನೆಗೇನಾ?' ಎಂದು ಬೈದುಕೊಂಡೆ. ಎಲೆಯ ಚಿತ್ರ ಬೋರ್ಡಿನ ಮೇಲೆ ಎಷ್ಟು ಚಂದ ಕಾಣುತ್ತದೆ. ಅದರ ನರದ ಮೇಲೆ ಸ್ಕೂಟರ್ ಓಡಿಸಿದರೆ ಗೊತ್ತಾಗುತ್ತದೆ.

ಹೊಸಗದ್ದೆಯ ಹೆಗಡೇರು ಮನೆಯಲ್ಲಿರಲಿಲ್ಲ, ರಸ್ತೆ ಪಕ್ಕದ ಗದ್ದೆಯಲ್ಲೇ ಸಿಕ್ಕರು. ಮಹಾಗಣಪತಿ ಹೆಗಡೆ, ಎಪ್ಪತ್ತರ ಮೇಲಿನವರು. ಪಂಚೆ ಎತ್ತಿ ಕಟ್ಟಿ ಮೊಣಕಾಲು ನೀರಿನಲ್ಲಿ ನಿಂತು, ಮುಳುಗಿದ ಸಸಿಯನ್ನು ಕಾಲಿನಿಂದ ತಡವುತ್ತಿದ್ದರು. ಸ್ಕೂಟರ್ ನಿಲ್ಲಿಸಿ ಬದುವಿನ ಮೇಲೆ ನಡೆದೆ.

"ಹೆಗಡೇರೇ, ಈ ವರ್ಷ ಬಾಳೆ ಗೊನೆ ಹಾಕ್ಲೇ ಇಲ್ವಾ? ಜೆಸಿಬಿ ಕಳಿಸ್ತಿದ್ದೀರಂತೆ ನಮ್ಮನೆ ತೆಗಿಯೂಕೆ?"

ತಲೆಯೆತ್ತಿ ನೋಡಿದರು. "ಯಾರು, ದಾಸನ ಸೊಸೆ ಅಲ್ದಾ?" ಅನ್ನುತ್ತ ಎರಡು ಹೆಜ್ಜೆ ಹಿಂದೆ ಸರಿದರು. "ಹತ್ರ ಬರಬೇಡ ತಂಗಿ. ಅಲ್ಲೇ ನಿಲ್ಲು."

ನನ್ನ ಪಿತ್ತ ನೆತ್ತಿಗೇರಿತು. ಕಾಲ ಎಲ್ಲಿಗೆ ಬಂದರೂ ಇವರಿಗೆ ನಮ್ಮನ್ನು ಮುಟ್ಟಿದರೆ ಮೈಲಿಗೆಯಾ? ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದೆ. ಅಷ್ಟರಲ್ಲಿ ಅವರೇ, "ಮೈಲಿಗೆ ನಂದು ಮಾರಾಯ್ತಿ. ನಮಗೆ ಪುರುಡು" ಅಂದರು.

ಸೊಸೆ ಅಮೂಲ್ಯಾ ಮೂರು ದಿನದ ಹಿಂದೆ ಹೆತ್ತಿದ್ದಳು. ಹೆಣ್ಣು ಕೂಸು. ಹೊಸಗದ್ದೆಯಲ್ಲಿ ಇರುವವರೆಲ್ಲ ಒಂದೇ ಕುಟುಂಬದ ಕವಲುಗಳು, ಒಂದು ಮನೆಯಲ್ಲಿ ಮಗು ಹುಟ್ಟಿದರೆ ಎಲ್ಲರಿಗೂ ಹತ್ತು ದಿನ ಮೈಲಿಗೆ. ಊರಿಗೆ ಊರೇ ಮುಟ್ಟುವ ಹಾಗಿರಲಿಲ್ಲ.

"ಪುರುಡಲ್ಲಿ ಕಾಯಿ ಹಿಡ್ಕೊಂಡು ನಿಮ್ಮನೆ ಜಗುಲಿ ಹತ್ತಲಿಕ್ಕೆ ಆಗ್ತದಾ? ಸಸಿ ನೋಡಿದ್ರೆ ಇನ್ನು ಎರಡು ದಿನ ತಡೆಯೂದಿಲ್ಲ. ಎಂತ ಮಾಡೂದು? ಜೆಸಿಬಿಗಾದ್ರೆ ಪುರುಡಿಲ್ಲ ಅಂತ ಅದನ್ನ ಕರೆಸಿದೆ." ಅಷ್ಟು ಹೇಳಿ ನಗಲು ನೋಡಿದರು, ಆಗಲಿಲ್ಲ. "ಇದನ್ನೇ ಹೇಳುವ ಅಂತ ದಾಸಂಗೆ ಎಷ್ಟು ಸಲ ಫೋನ್ ಮಾಡಿದೆ. ಸ್ವಿಚ್ ಆಫ್. ನನ್ನ ಮೇಲೆ ಎಂತ ಸಿಟ್ಟು ಅವಂಗೆ?"

ಮಾವನ ಫೋನು ನಮ್ಮ ಮನೆಯ ಗೂಡಿನಲ್ಲಿದೆ, ಅವರ ಫೋಟೋದ ಮುಂದೆ. ಅದನ್ನು ಚಾರ್ಜಿಗೆ ಹಾಕಬೇಕೆಂದು ನಮಗ್ಯಾರಿಗೂ ತೋಚಿರಲಿಲ್ಲ. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಬಿಟ್ಟು ಇಷ್ಟೇ ಹೇಳಿದೆ.

"ಮಾವ ತೀರ್ಕೊಂಡ್ರು ಹೆಗಡೇರೇ. ಹೋದ ವರ್ಷ, ಚೌತಿ ಮುಗಿದ ವಾರ."

ಅವರು ಬದುವಿನ ಮೇಲೆ ಕೂತುಬಿಟ್ಟರು. ಬದು ಅರ್ಧ ನೀರಿನಲ್ಲಿತ್ತು. ಪಂಚೆ ಒದ್ದೆಯಾಗುವುದು ಅವರಿಗೆ ತಿಳಿಯಲಿಲ್ಲ. "ಯಂಗೆ ಗೊತ್ತಿತ್ತಿಲ್ಲೆ" ಅಂದರು. ನಮ್ಮ ಜೊತೆ ಯಾವಾಗಲೂ ನಮ್ಮಂತೆಯೇ ಮಾತಾಡುವವರು, ಈಗ ಅವರ ಮನೆಯ ಮಾತೇ ಬಂತು. "ಯಾರೂ ಹೇಳಿದ್ವಿಲ್ಲೆ. ಯಂಗೆ ಗೊತ್ತಿತ್ತಿಲ್ಲೆ."

ನಿಜವಾಗಿಯೂ ಯಾರೂ ಹೇಳಿರಲಿಲ್ಲ. ಭಾಸ್ಕರಣ್ಣನೂ ಅವರಿಗೆ ಗೊತ್ತಿದ್ದೇ ಇರುತ್ತದೆ ಅಂದುಕೊಂಡಿರಬೇಕು. ಹೊನ್ನಾವರದಲ್ಲಿರುವ ಅತ್ತೆಯ ತವರಿಗೆ ಹೇಳಿದ್ದೆವು, ಕುಮಟೆಯ ನನ್ನ ತವರಿಗೆ ಹೇಳಿದ್ದೆವು, ಮಲ್ಪೆಯ ಬೋಟಿನವರೆಲ್ಲ ಬಂದು ಹೋಗಿದ್ದರು. ಇದೇ ಹೊಳೆಯ ಮೇಲಿನ ಊರಿಗೆ ಹೇಳಿ ಕಳಿಸಬೇಕೆಂದು ಯಾರ ತಲೆಗೂ ಬರಲಿಲ್ಲ. ಅವರು ವರ್ಷಕ್ಕೊಮ್ಮೆ ಬಾಳೆಗೊನೆ ಹಿಡಿದು ಬರುವವರು, ಅವರಾಗಿಯೇ ಬರುವವರು. ನಮಗೆ ಅಷ್ಟೇ ಗೊತ್ತಿತ್ತು. ನನಗೆ ಅಳು ಬಂತು, ಮಳೆಯಿದ್ದದ್ದು ಒಳ್ಳೆಯದಾಯಿತು.

"ಅತ್ತೆ ನಿಮ್ಮ ಮೇಲೆ ಸಿಟ್ಟಾಗಿ ಕೂತಿದ್ದಾರೆ" ಅಂದೆ. "ಕೇಳೂಕೆ ಬರದಿದ್ರೆ ಜಾಗ ತೋರ್ಸೂದಿಲ್ಲಂತೆ. ಕೇಳದಿದ್ರೆ ನಾಳೆ ನಮ್ಮನೆ ಪಕ್ಕದಲ್ಲೇ ಕಡೀತಾರೆ. ಆಮೇಲೆ ಮನೆ ಉಳಿಯೂದಿಲ್ಲ."

ಹೆಗಡೇರು ಎದ್ದು ನಿಂತರು. ಆಮೇಲೆ ಒದ್ದೆ ಕೈಯನ್ನು ಅಂಗಿಗೆ ಒರೆಸಿ, ಪ್ಲಾಸ್ಟಿಕ್ ಚೀಲದಿಂದ ಫೋನ್ ತೆಗೆದು ಮಗಳಿಗೆ ಹಚ್ಚಿದರು. ಮಗಳು ಪರಮೇಶ್ವರಿಯನ್ನು ಕುಮಟಾ ತಾಲೂಕಿನ ಕತಗಾಲಕ್ಕೆ ಕೊಟ್ಟಿದ್ದಾರೆ, ಅಲ್ಲಿ ಸಹಕಾರಿ ಸಂಘದಲ್ಲಿ ಅವಳಿಗೆ ಕೆಲಸ.

"ಪರಮೇಶ್ವರಿ, ನಿಂಗೆ ನಮ್ಮ ಪುರುಡು ತಾಗ್ತಿಲ್ಲೆ ಅಲ್ದಾ? ಕೊಟ್ಟ ಮಗಳು ನೀನು. ನಾಳೆ ದಾಸನ ಮನೆಗೆ ನೀನೇ ಬಂದು ಕೇಳವು... ಇಲ್ಲೆ, ದಾಸ ಇಲ್ಲೆ, ತೀರ್ಕಂಡ. ಬಂದ ಮೇಲೆ ಹೇಳ್ತೆ... ಬಾಳೆಗೊನೆ ಅಲ್ಲಿಂದ್ಲೇ ತಗಂಡು ಬಾ. ನಮ್ಮನೆದು ಆಗ್ತಿಲ್ಲೆ."

ಮರುದಿನ ಜೆಸಿಬಿ ಹೇಳಿದ ಹೊತ್ತಿಗಿಂತ ಮೊದಲೇ ಬಂತು, ಪರಮೇಶ್ವರಿ ಬರಲಿಲ್ಲ. ಕುಮಟಾ-ಭಟ್ಕಳ ಬಸ್ಸು ಹೊನ್ನಾವರದಲ್ಲಿ ನಿಂತಿದೆಯಂತೆ, ಶರಾವತಿ ಸೇತುವೆಯ ಹತ್ತಿರ ಲಾರಿ ಕೆಟ್ಟು ಸಾಲುಗಟ್ಟಿದೆಯಂತೆ. ಫೋನಿನಲ್ಲಿ ಅವಳ ದನಿಯೂ ಚಡಪಡಿಸುತ್ತಿತ್ತು. ಹೊಳೆಯ ನೀರು ನಮ್ಮ ಹಿಂಬಾಗಿಲಿನ ಮೆಟ್ಟಿಲಿಗೆ ಬಂದಿತ್ತು. ಅತ್ತೆ ಬೆಳಿಗ್ಗೆಯಿಂದ ಜಗುಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಹೊಸಗದ್ದೆಗೆ ಹೋದದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ನಾನು ಹೋಗಿ ಕರೆದೆ ಎಂದು ತಿಳಿದರೆ, ಬಂದವರು ತಾವಾಗಿ ಬಂದ ಹಾಗಾಗುತ್ತದಾ?

ಭಾಸ್ಕರಣ್ಣ ವಾಚು ನೋಡಿ, ಸಮುದ್ರ ನೋಡಿ ಹೇಳಿದ: "ಇಳಿತ ಶುರುವಾತು ಟೀಚರ್ರೇ. ನೀರು ಇಳಿವಾಗ್ಲೇ ಕಡೀಬೇಕು. ಈಗ ಬಿಟ್ರೆ ಇಡೀ ದಿನ ಹೋತು, ಮೇಲ್ನವ್ರ ಸಸಿ ಪೂರಾ ಕೊಳೀತದೆ."

"ಸ್ವಲ್ಪ ತಡಿ."

"ಯಾರಿಗೆ ಕಾಯೂದು?"

ನಾನು ರಸ್ತೆಯ ಕಡೆ ನೋಡಿದೆ. ಜೆಸಿಬಿ ಓಡಿಸುವವನು ಲಿಂಗಪ್ಪ, ಗದಗದ ಕಡೆಯವನು. ಅವನು ಬಕೆಟ್ಟನ್ನು ಎತ್ತಿ ಸುಣ್ಣದ ಗೆರೆಯ ಮೇಲೆ ತಂದ. ನಾನು ಹೋಗಿ ಕೆಂಪು ಬಟ್ಟೆಯ ಕೋಲು ಕಿತ್ತು ಕೈಯಲ್ಲಿ ಹಿಡಿದು, ಗೆರೆಯ ಮೇಲೆ ನಿಂತೆ.

"ಅಕ್ಕಾರ, ಸ್ವಲ್ಪ ಸರೀರಿ" ಅಂದ ಲಿಂಗಪ್ಪ, ಮೇಲಿನಿಂದ. "ನಾ ಹೇಳಿದ್ದ ಕಡ್ಯಾಂವರೀ. ನನ್ನ ಮ್ಯಾಲೆ ಯಾಕ ಸಿಟ್ಟು?"

"ಸಿಟ್ಟು ನಿನ್ನ ಮೇಲಲ್ಲ."

"ಮತ್ತ ಕೋಲು ನನಗ ತೋರಸಾಕ ಹತ್ತೀರಿ!"

ಕೇರಿಯವರು ನಕ್ಕರು. ನಾನು ಕೋಲು ಕೆಳಗಿಳಿಸಿದೆ, ಗೆರೆ ಬಿಟ್ಟು ಸರಿಯಲಿಲ್ಲ. ಆ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಒಂದು ರಿಕ್ಷಾ ಹಾರನ್ ಹೊಡೆಯುತ್ತ ಬಂತು. ಅದರಿಂದ ಮೊದಲು ಬಾಳೆಗೊನೆ ಹೊರಗೆ ಬಂತು, ಆಮೇಲೆ ಪರಮೇಶ್ವರಿ. ಸೀರೆಯ ಸೆರಗೆಲ್ಲ ಬಾಳೆಯ ಕಲೆ. ರಿಕ್ಷಾದ ಹಿಂದೆಯೇ ಒಂದು ಬೈಕು ಬಂದು ದೂರದಲ್ಲಿ ನಿಂತಿತು. ಮಗ ಅನೂಪನ ಬೆನ್ನ ಹಿಂದೆ ಕೂತು ಹೆಗಡೇರೂ ಬಂದಿದ್ದರು. ಅವರು ಹತ್ತಿರ ಬರದೆ ತೆಂಗಿನ ಮರದಡಿ ನಿಂತರು.

ಪರಮೇಶ್ವರಿ ಗೊನೆಯನ್ನೂ ಕಾಯಿಯನ್ನೂ ಜಗುಲಿಯ ಮೇಲಿಟ್ಟು ಏದುಸಿರು ಬಿಡುತ್ತ ಹೇಳಿದಳು: "ನೀರಿಗೆ ದಾರಿ ಬಿಡಿಸಿಕೊಡಿ."

ಅತ್ತೆ ತಿರುಗಿ ನೋಡಿದರು. "ನೀ ಯಾರು?"

"ಹೊಸಗದ್ದೆ ಮಗಳು. ಕತಗಾಲಕ್ಕೆ ಕೊಟ್ಟದ್ದು."

"ಕತಗಾಲದ ನೀರು ಅಘನಾಶಿನಿಗೆ ಹೋಗ್ತದೆ. ಈ ಹೊಳಿ ವಿಷಯ ಕೇಳೂಕೆ ನೀ ಯಾರು?"

ಪರಮೇಶ್ವರಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ನೀವು ಹುಟ್ಟಿದ್ದು ಈ ಹೊಳೆ ದಡದಲ್ಲಾ ಅಮ್ಮಾ?" ಅಂದಳು.

ಅತ್ತೆ ಶರಾವತಿ ದಡದವರು. ನಾನು ಕುಮಟೆಯವಳು. ಗುಡ್ಡದ ಆಚೆಯ ನೀರು ಈಚೆ ಬರುವುದಿಲ್ಲ ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ, ಆದರೆ ನಾವು ಮೂವರೂ ಮದುವೆಯಾಗಿ ಸೀರೆ ಗಂಟು ಕಟ್ಟಿಕೊಂಡು ಗುಡ್ಡ ದಾಟಿದವರೇ. ಅತ್ತೆಯ ತುಟಿಯ ಮೂಲೆ ಒಂದಿಷ್ಟು ಸಡಿಲವಾಯಿತು. ಆದರೂ ಏಳಲಿಲ್ಲ.

ಆಗ ಮರದಡಿಯಿಂದ ಹೆಗಡೇರು ಕೂಗಿ ಹೇಳಿದರು. "ಮಾಸ್ತಮ್ಮಾ, ದಾಸ ಹೋದ್ದು ನಂಗೆ ನಿನ್ನೆಯಷ್ಟೇ ತಿಳೀತು. ಗೊತ್ತಿದ್ದಿದ್ರೆ ಬರದೆ ಇರ್ತಿದ್ನಾ? ಪುರುಡು, ಅದಕ್ಕೇ ಇಲ್ಲೇ ನಿಂತಿದ್ದೇನೆ."

ಅತ್ತೆ ನನ್ನನ್ನು ಒಮ್ಮೆ ನೋಡಿದರು. ನಾನು ಕೋಲು ನೋಡಿದೆ. ಅವರು ಎದ್ದು ಒಳಗೆ ಹೋಗಿ ಮಾವನ ಹಾರೆ ತಂದರು. ಸೀರೆಯನ್ನು ಮೇಲೆ ಸಿಕ್ಕಿಸಿಕೊಂಡು ಅಂಗಳಕ್ಕಿಳಿದರು. ಹೆಗಡೇರ ಎದುರಿಗೆ ಬಂದಾಗ ಕಾಲು ನಿಂತಿತು.

"ಒಂದು ಮಾತು ಹೇಳಿ ಕಳಿಸಿದ್ರೆ ಆಗ್ತಿತ್ತಲ್ಲ ಮಾಸ್ತಮ್ಮಾ" ಅಂದರು ಹೆಗಡೇರು.

"ಹೊಳಿ ಮೇಲ್ಮುಖ ಹರೀತದಾ ಹೆಗಡೇರೇ?" ಅಂದರು ಅತ್ತೆ. "ನಿಮ್ಮ ನೀರು, ಕಸ, ಕೊಚ್ಚೆ ಎಲ್ಲಾ ನಮ್ಮಲ್ಲಿಗೆ ಬತ್ತದೆ. ನಮ್ಮ ಸುದ್ದಿ ಬೇಕಾದ್ರೆ ನೀವೇ ಇಳ್ದು ಬರ್ಬೇಕು."

ಹೇಳಿ ನಡೆದೇಬಿಟ್ಟರು. ಅವರ ಹಿಂದೆ ಜೆಸಿಬಿ, ಅದರ ಹಿಂದೆ ಕೇರಿ. ಉತ್ತರದ ತುದಿಯಲ್ಲಿ ನಿಂತು ಹಾರೆಯನ್ನು ಮರಳಿಗೆ ಚುಚ್ಚಿದರು. ಠಣ್ ಎಂದಿತು. ನಾಲ್ಕು ಹೆಜ್ಜೆ ಸರಿದು ಚುಚ್ಚಿದರು, ಮತ್ತೆ ಬಂಡೆ. ಹಿಂದಕ್ಕೆ ಬಂದರು, ಮುಂದಕ್ಕೆ ಹೋದರು. ಭಾಸ್ಕರಣ್ಣ ನನ್ನ ಮುಖ ನೋಡಿದ. ಇವರಿಗೂ ಗೊತ್ತಿಲ್ಲವೇ ಎಂದು ನನಗೂ ಹೆದರಿಕೆಯಾಯಿತು. ಅತ್ತೆ ಇಷ್ಟು ವರ್ಷ ಮಾವನ ಹಿಂದೆ ಬಂದು ನೋಡಿದ್ದಷ್ಟೇ, ಚುಚ್ಚಿದ್ದು ಯಾವತ್ತೂ ಇರಲಿಲ್ಲ. ಮತ್ತೊಮ್ಮೆ ಚುಚ್ಚಿದರು. ಈ ಸಲ ಹಾರೆ ಸದ್ದಿಲ್ಲದೆ ಅವರ ಕೈವರೆಗೂ ಇಳಿಯಿತು.

ಅತ್ತೆ ಅಲ್ಲಿಂದ ಹಿಮ್ಮಡಿ ಊರಿ ಸಮುದ್ರದವರೆಗೆ ಗೆರೆ ಎಳೆದರು. ಸ್ವಲ್ಪ ಸೊಟ್ಟಗಿತ್ತು. ಲಿಂಗಪ್ಪ ಅದರ ಮೇಲೆಯೇ ಬಕೆಟ್ ಇಳಿಸಿದ. ಊಟದ ಹೊತ್ತಿಗೆ ಕೆಂಪು ನೀರು ಬಂಡೆಗಳ ನಡುವೆ ಸಮುದ್ರಕ್ಕೆ ನುಗ್ಗಿತು, ಸಂಜೆಗೆ ನಮ್ಮ ಬಟ್ಟೆ ಒಗೆಯುವ ಕಲ್ಲು ಮೇಲೆ ಬಂತು.

ಪುರುಡು ಕಳೆದ ಮರುದಿನ ಹೆಗಡೇರು ಬಸ್ಸಿನಲ್ಲಿ ಒಬ್ಬರೇ ಬಂದರು. ಕೈಯಲ್ಲಿ ಇನ್ನೊಂದು ಬಾಳೆಗೊನೆ.

"ಅಳಿವೆ ಕಡ್ದು ಆತಲ್ಲ ಹೆಗಡೇರೇ. ಇದೆಂತಕ್ಕೆ?" ಅಂದರು ಅತ್ತೆ.

"ಎಂತದಕ್ಕೂ ಅಲ್ಲ. ಈ ಸಲ ಕೇಳೂದು ಎಂತದೂ ಇಲ್ಲ."

ಅವರ ಮನೆಯವರು ಬಂದಾಗ ಕೊಡುವುದು ಎಳನೀರು. ನಮ್ಮ ಮನೆಯಲ್ಲಿ ಬೇರೇನನ್ನೂ ಅವರು ಬಾಯಿಗೆ ಹಾಕಿದ್ದಿಲ್ಲ. ನಾನು ಕತ್ತಿ ಹುಡುಕುತ್ತಿದ್ದೆ. "ಚಾ ಇದ್ರೆ ಕೊಡು ತಂಗಿ" ಅಂದರು. ಮಾವ ಕೂರುತ್ತಿದ್ದ ಕಂಬದ ಎದುರಿನ ಕಂಬಕ್ಕೆ ಒರಗಿ ಕೂತರು. ಚಾ ಕುಡಿದು ಲೋಟ ಕೆಳಗಿಟ್ಟ ಮೇಲೆ, ಸಮುದ್ರದ ಕಡೆ ನೋಡುತ್ತ ಕೇಳಿದರು.

"ಎಂತಾ ಆತು ಮಾಸ್ತಮ್ಮಾ, ದಾಸಂಗೆ?"

ಅತ್ತೆ ಶೆಟ್ಲಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. ಕೈ ಒರೆಸಿಕೊಂಡು, ಚೌತಿಯ ಮರುದಿನ ಬೆಳಿಗ್ಗೆಯಿಂದ ಶುರುಮಾಡಿ, ಒಂದೊಂದಾಗಿ ಹೇಳತೊಡಗಿದರು.